ಅಕ್ಷರ ಕನ್ನಡದ್ದು, ಅಂಕಿ ಯಾರದು?

2020ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಗ್ರಾಹಕರೊಬ್ಬರು ಹೆಸ್ಕಾಂ ಬಿಲ್ಲಿಗೆಂದು 6,000 ರೂಪಾಯಿಯ ಚೆಕ್ಕನ್ನು ಕನ್ನಡದಲ್ಲೇ, ಕನ್ನಡ ಅಂಕಿಯಲ್ಲೇ ಬರೆದುಕೊಟ್ಟರು. ತಿಂಗಳಿನ ಜಾಗದಲ್ಲಿದ್ದ ‘೯’ ಹಳಿಯಾಳದ ಎಸ್‌ಬಿಐ ಶಾಖೆಯವರ ಕಣ್ಣಿಗೆ 6 ಆಗಿ ಕಂಡಿತು. ಸೆಪ್ಟೆಂಬರ್ ಹೋಗಿ ಜೂನ್ ಆಯಿತು, ಚೆಕ್ಕು ವಾಪಸಾಯಿತು. 2022ರಲ್ಲಿ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ ಬ್ಯಾಂಕಿಗೆ 85,177 ರೂಪಾಯಿ ತೆರಲು ಹೇಳಿತು. ಪ್ರಾದೇಶಿಕ ಭಾಷೆಯಲ್ಲಿ ಚೆಕ್ಕು ಬರೆಯಬಹುದೆಂದು ರಿಸರ್ವ್ ಬ್ಯಾಂಕೇ ಹೇಳಿರುವಾಗ ತೀರ್ಪು ಬೇರೆಯಾಗುವಂತಿರಲಿಲ್ಲ. ಆದರೂ ಕನ್ನಡ ಅಂಕಿ ಬೇಕೆನ್ನುವವರು, ಬೇಡವೆನ್ನುವವರು ಇಬ್ಬರೂ ಈ ಪ್ರಕರಣವನ್ನು ತಮ್ಮ ಪರ ಸಾಕ್ಷಿಗೆ ಕರೆಯಬಹುದು.

ಈಗ ಚೆಕ್ಕಿನ ಕೆಲಸ ಬಹುಪಾಲು ಮೊಬೈಲಿಗೆ ಬಿದ್ದಿದೆ. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಯಾವುದರ ದುಡ್ಡಾದರೂ ಒಂದಲ್ಲ ಒಂದು ಪರದೆಯ ಮೇಲೆ ಹಾದು ಹೋಗುತ್ತದೆ. ಆ ಪರದೆ ತಾನಾಗಿಯೇ ಯಾವ ಭಾಷೆಯಲ್ಲಿ ತೆರೆದುಕೊಳ್ಳಬೇಕು, ಮೊತ್ತವನ್ನು ಯಾವ ಅಂಕಿಯಲ್ಲಿ ತೋರಿಸಬೇಕು?

ತಂತ್ರಾಂಶ ಮಾಡುವವರು ಇದನ್ನು ಪ್ರತಿಸಲ ಕೂತು ಯೋಚಿಸುವುದಿಲ್ಲ. ಯಾವ ಭಾಷೆಗೆ ಯಾವ ಅಂಕಿ, ಯಾವ ತಾರೀಖಿನ ಕ್ರಮ, ಎಲ್ಲಿ ಅಲ್ಪವಿರಾಮ ಎಂಬುದನ್ನೆಲ್ಲ ಯೂನಿಕೋಡ್ ಒಕ್ಕೂಟ ಸಿಎಲ್‌ಡಿಆರ್ ಎಂಬ ಒಂದು ಕೋಶದಲ್ಲಿ ಕೂಡಿಟ್ಟಿದೆ. ಬಹಳಷ್ಟು ಮೊಬೈಲು, ಕಂಪ್ಯೂಟರುಗಳು ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಅದರಲ್ಲಿ ಮರಾಠಿಗೆ, ಬಂಗಾಳಿಗೆ ಅವರವರ ಅಂಕಿಗಳೇ ಮೊದಲ ಆಯ್ಕೆ. ಕನ್ನಡಕ್ಕೆ 1, 2, 3. ಕನ್ನಡದ ಅಂಕಿಗಳೂ ಇವೆ, ಆದರೆ ಕೇಳಿದವರಿಗೆ ಮಾತ್ರ.

ಇದು ಅನ್ಯಾಯ ಎನ್ನುವವರ ಮಾತಿನಲ್ಲಿ ಹುರುಳಿದೆ. ಸಂವಿಧಾನದ 343ನೇ ವಿಧಿ ಕೇಂದ್ರದ ಆಡಳಿತಕ್ಕೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು ಗೊತ್ತುಮಾಡಿದೆ. ಹಾಗಿದ್ದೂ 2016ರ ಹೊಸ ನೋಟುಗಳ ಮೇಲೆ ದೇವನಾಗರಿ ಅಂಕಿ ಬಂತು. ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನೆಯೂ ಎದ್ದಿತು. ನೋಟಿನ ಹಿಂದೆ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಅಕ್ಷರಗಳಿವೆ, ಅಂಕಿ ಇಲ್ಲ. ನಮ್ಮ ಮಕ್ಕಳು ಲೆಕ್ಕ ಕಲಿಯುವುದೂ 1, 2, 3ರಲ್ಲೇ. ದಿನಕ್ಕೆ ನೂರು ಸಲ ಕಣ್ಣಿಗೆ ಬೀಳುವ ಮೊಬೈಲಿನಲ್ಲೂ ಇಲ್ಲವೆಂದಾದರೆ ಕನ್ನಡ ಅಂಕಿ ಬಸ್ಸಿನ ಬೋರ್ಡಿಗೂ ಆಮಂತ್ರಣ ಪತ್ರಿಕೆಗೂ ಮೀಸಲಾಗಿ ಉಳಿಯುತ್ತದೆ.

ಎದುರು ವಾದ ಅಡಿಕೆ ಮಂಡಿಯಿಂದ ಬರುತ್ತದೆ. ಚನ್ನಗಿರಿಯ ರಾಶಿ ಅಡಿಕೆ ಕೊನೆಗೆ ಸೇರುವುದು ಉತ್ತರ ಭಾರತದ ಪಾನ್ ಮಸಾಲದವರನ್ನು. ತೂಕದ ಚೀಟಿ, ಬಿಲ್ಲು, ಲಾರಿ ನಂಬರು ನಾಲ್ಕಾರು ಕೈ, ನಾಲ್ಕಾರು ಭಾಷೆ ದಾಟಬೇಕು. ಲಾರಿಯ ಕೆಎ-17 ಫಲಕದ ಅಂಕಿಯನ್ನು ಮೋಟಾರು ವಾಹನ ನಿಯಮವೇ ಕಟ್ಟಿಹಾಕಿದೆ. ಖಾತೆ ಸಂಖ್ಯೆ, ಒಟಿಪಿ ಎಲ್ಲವೂ ಅದೇ ಅಂಕಿಯಲ್ಲಿ. ನಡುವೆ ಮೊತ್ತವೊಂದನ್ನೇ ಕನ್ನಡದಲ್ಲಿ ತೋರಿಸಿದರೆ ಹಳಿಯಾಳದ್ದೇ ಕಥೆ. ಮಾಲು ಕೊಟ್ಟ ರೈತನೇ ಒಂದು ಕ್ಷಣ ತಡವರಿಸಬಹುದು: ಶಾಲೆಯಲ್ಲಿ ಕಲಿತ ೬, ೯ಗಳನ್ನು ಆಮೇಲೆ ಬರೆದವರು ನಮ್ಮಲ್ಲಿ ಕಡಿಮೆ. ದುಡ್ಡಿನ ವಿಷಯದಲ್ಲಿ ಆ ಒಂದು ಕ್ಷಣಕ್ಕೆ ಬೆಲೆ ಇದೆ.

ನನ್ನ ಮನಸ್ಸು ಇಲ್ಲಿ ಮಂಡಿಯ ಕಡೆಗೇ ವಾಲುತ್ತದೆ. ಆದರೆ ಪೂರ್ತಿ ಅಲ್ಲ. ತೋರಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಯೂನಿಕೋಡ್‌ನಲ್ಲಿ ಕನ್ನಡದ ಹತ್ತೂ ಅಂಕಿಗಳಿಗೆ ಅವುಗಳ ಬೆಲೆ ದಾಖಲಾಗಿದೆ. ‘೬೦೦೦’ ಎಂದು ಒತ್ತಿದರೆ ಆರು ಸಾವಿರ ಎಂದು ಅರಿಯುವುದು ಯಂತ್ರಕ್ಕೆ ಕಷ್ಟವಲ್ಲ. ಅದನ್ನು ತಪ್ಪು ಎಂದು ತಳ್ಳುವ ಅರ್ಜಿ ನಮೂನೆ ತಾಂತ್ರಿಕ ತೊಡಕಿನದಲ್ಲ, ಸೋಮಾರಿತನದ್ದು. ಭಾಷೆಗೂ ಅಂಕಿಗೂ ಸೆಟ್ಟಿಂಗ್ಸ್‌ನಲ್ಲಿ ಬೇರೆ ಬೇರೆ ಆಯ್ಕೆ ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಹಣದ ಚಿಹ್ನೆಯ ಗಲಾಟೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. 2010ರ ಜುಲೈನಲ್ಲಿ ₹ ಬಂತು. 2025ರ ಮಾರ್ಚ್‌ನಲ್ಲಿ ತಮಿಳುನಾಡು ಬಜೆಟ್‌ನ ಲಾಂಛನದಲ್ಲಿ ಅದನ್ನು ಬಿಟ್ಟು ತಮಿಳಿನ ‘ರೂ’ ಹಾಕಿಕೊಂಡಿತು. ₹ ಇರಲಿ, ‘ರೂ.’ ಇರಲಿ, ಯಾರೂ ಐನೂರನ್ನು ಐದು ಸಾವಿರ ಎಂದುಕೊಳ್ಳುವುದಿಲ್ಲ. ಅಪಾಯ ಇರುವುದು ಯಾರೂ ಹೋರಾಟ ಮಾಡದ ಅಲ್ಪವಿರಾಮದಲ್ಲಿ. 12,50,000 ಎಂದರೆ ಹನ್ನೆರಡೂವರೆ ಲಕ್ಷ ಎಂದು ಕಣ್ಣು ತಾನೇ ಓದುತ್ತದೆ. ಅದನ್ನೇ 1,250,000 ಎಂದು ತೋರಿಸಿದರೆ ಲೆಕ್ಕ ಬಲ್ಲ ಗುಮಾಸ್ತನೂ ಬಲಗಡೆಯಿಂದ ಬೆರಳಿಟ್ಟು ಎಣಿಸಬೇಕು. ಹೊರದೇಶದ ಗಿರಾಕಿಯೊಂದಿಗೆ ವ್ಯವಹರಿಸುವವರಿಗೆ ಎರಡನೆಯದು ಬೇಕಾದೀತು, ಅವರು ಬದಲಿಸಿಕೊಳ್ಳಲಿ. ಲಕ್ಷ, ಕೋಟಿಗಳಲ್ಲಿ ಮಾತಾಡುವ ಊರಿನಲ್ಲಿ ಮೊದಲ ಆಯ್ಕೆ ಲಕ್ಷದ್ದೇ ಆಗಿರಬೇಕು. ಇದರಲ್ಲಿ ನನಗೆ ಎರಡನೇ ಪಕ್ಷ ಕಾಣುತ್ತಿಲ್ಲ.

ಭಾಷೆಯ ವಿಷಯ ಅಷ್ಟು ಸುಲಭವಲ್ಲ. ಕರ್ನಾಟಕದೊಳಗೆ ಇರುವ ಫೋನು ಕೇಳದೆಯೇ ಕನ್ನಡದಲ್ಲಿ ತೆರೆದುಕೊಳ್ಳಲಿ ಎಂಬ ಬೇಡಿಕೆ ನನಗೂ ಸರಿಯೆನಿಸುತ್ತದೆ. ಸೆಟ್ಟಿಂಗ್ಸ್ ಒಳಗೆ ಹೊಕ್ಕು ಬದಲಿಸುವಷ್ಟು ಇಂಗ್ಲಿಷ್ ಗೊತ್ತಿಲ್ಲದವರಿಗೇ ಅಲ್ಲವೇ ಕನ್ನಡ ಹೆಚ್ಚು ಬೇಕಾಗಿರುವುದು? ಆದರೆ ಊರಿನ ಹೆಸರು ನೋಡಿ ಮನೆಯ ಭಾಷೆ ಹೇಳಲಾಗದು. ಚನ್ನಗಿರಿ ಪೇಟೆಯಲ್ಲಿ ಉರ್ದು ಮನೆಗಳಿವೆ. ಅವರಿಗೆ ಪಟ್ಟಿಯಲ್ಲಿ ಉರ್ದುವಾದರೂ ಸಿಗುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ದೇಶದ ನಾನಾ ಕಡೆಯ ಲಂಬಾಣಿಗರು ಅಲ್ಲಿಗೆ ಬರುತ್ತಾರೆ. ಅವರ ಮಾತಾದ ಒಂದೇ ಗೋರ್‌ಬೋಲಿಯನ್ನು ಇಲ್ಲಿನವರು ಕನ್ನಡ ಲಿಪಿಯಲ್ಲಿ, ಮಹಾರಾಷ್ಟ್ರದವರು ದೇವನಾಗರಿಯಲ್ಲಿ, ತೆಲಂಗಾಣದವರು ತೆಲುಗಿನಲ್ಲಿ ಬರೆಯುತ್ತಾರೆ. ಅದಕ್ಕೊಂದು ಆಯ್ಕೆ ಕೊಡಬೇಕೆಂದರೆ ಯಾವ ಲಿಪಿಯಲ್ಲಿ ಎಂಬುದನ್ನು ತಾಂಡಾದವರೇ ಹೇಳಬೇಕು. ಅಲ್ಲಿಯವರೆಗೆ ಆ ಮನೆಗಳ ಫೋನುಗಳಲ್ಲಿ ಕನ್ನಡವೂ ಇಂಗ್ಲಿಷಿನಂತೆ ಹೊರಗಿನಿಂದ ಬಂದ ಒಂದು ಸೆಟ್ಟಿಂಗ್ ಎಂಬುದನ್ನು ನಾವು, ಕನ್ನಡದ ಪರ ವಾದಿಸುವವರು, ಒಪ್ಪಿಕೊಂಡೇ ವಾದಿಸಬೇಕಾಗುತ್ತದೆ.