ಸಾಲ ಕೊಡುವವನಿಗೇ ಸಂದರ್ಶನ

ತಂಗಿಯ ಮಗ ಮೊನ್ನೆ ಫೋನು ಮಾಡಿ, ‘ಮಾವ, ನನ್ನ ಬಯೋಡೇಟಾ ಕಳಿಸಿದ್ದೀನಿ, ಒಂಚೂರು ತಿದ್ದಿಕೊಡಿ’ ಅಂದ. ಕೆಲಸ ಬದಲಾಯಿಸುತ್ತಿದ್ದಾನೋ, ಹೆಣ್ಣು ನೋಡಲು ಹೊರಟಿದ್ದಾನೋ ಅಂದುಕೊಂಡೆ. ಎರಡೂ ಅಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಬೇಕಂತೆ, ಅದಕ್ಕೆ. ಟೈ ಕಟ್ಟಿದ ಫೋಟೊ, ಕಂಪನಿಯ ಹೆಸರು, ಸಂಬಳ, ಪಿಯುಸಿ ಅಂಕ, ಕೊನೆಯ ಸಾಲಿನಲ್ಲಿ ‘ಆಹಾರ ಪದ್ಧತಿ: ಶುದ್ಧ ಸಸ್ಯಾಹಾರ’. ಭಾನುವಾರ ನಮ್ಮ ಮನೆಗೆ ಬಂದರೆ ನಾಟಿಕೋಳಿ ಸಾರಿನ ಪಾತ್ರೆಯ ತಳ ಕಾಣುವವರೆಗೆ ಏಳದ ಹುಡುಗ! ಕೇಳಿದರೆ, ‘ಹಿಂಗೆ ಬರೆದ್ರೇ ಮನೆ ಸಿಗೋದು ಮಾವ, ಎಲ್ರೂ ಇದನ್ನೇ ಹೇಳ್ತಾರೆ’ ಅಂದ.

ಹೌದು, ಎಲ್ಲರೂ ಹೇಳುತ್ತಾರೆ. ಬಾಡಿಗೆ ಮನೆ ಗಿಟ್ಟಿಸಿಕೊಳ್ಳುವುದು ಹೇಗೆಂದು ಪಾಠ ಮಾಡುವ ಗುರುಗಳಿಗೆ ಈಗ ಬರವಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಡಿ, ಆಫರ್ ಲೆಟರ್ ಜೊತೆಗಿರಲಿ, ಮನೆಯವರನ್ನೂ ಕರೆದುಕೊಂಡು ಹೋಗಿ, ಓನರಮ್ಮನಿಗೆ ಕೈಮುಗಿಯಿರಿ, ಸ್ನೇಹಿತರು ಬರುವುದಿಲ್ಲವೆಂದು ಕೇಳುವ ಮೊದಲೇ ಹೇಳಿಬಿಡಿ. ಕಾಲಿಗೆ ಬೀಳುವುದೊಂದನ್ನು ಮಾತ್ರ ಯಾಕೋ ಬಿಟ್ಟಿದ್ದಾರೆ. 2023ರಲ್ಲಿ ಇದೇ ಊರಿನ ಮಾಲೀಕರೊಬ್ಬರು ಹನ್ನೆರಡನೇ ತರಗತಿಯಲ್ಲಿ ಶೇ. 75 ಅಂಕ ಪಡೆದವನಿಗೆ ಮನೆ ಕೊಡಲಿಲ್ಲ, ಶೇ. 90 ಬೇಕಿತ್ತು ಎಂಬ ಸುದ್ದಿ ದೇಶವೆಲ್ಲ ಸುತ್ತಿತು. ಜನ ನಕ್ಕರು. ನಕ್ಕವರೇ ಮರುದಿನ ಅಂಕಪಟ್ಟಿ ಹುಡುಕಲು ಬೀರು ತೆಗೆದರು.

ನನ್ನ ಪ್ರಶ್ನೆ ಒಂದೇ. ಸಂದರ್ಶನ ಮಾಡಬೇಕಾದವರು ಯಾರು, ಕೂರಬೇಕಾದವರು ಯಾರು?

ಲೆಕ್ಕ ಹಾಕಿ. ಬಾಡಿಗೆ ತಿಂಗಳಿಗೆ 25,000 ರೂಪಾಯಿ ಅನ್ನಿ. ಈ ಊರಿನ ವಾಡಿಕೆಯಂತೆ ಹತ್ತು ತಿಂಗಳ ಅಡ್ವಾನ್ಸ್, ಅಂದರೆ ಎರಡೂವರೆ ಲಕ್ಷ. ಬ್ರೋಕರಿಗೆ ಒಂದು ತಿಂಗಳದ್ದು, ಮೊದಲ ಬಾಡಿಗೆ ಬೇರೆ. ಹಾಲು ಉಕ್ಕಿಸುವ ಮೊದಲೇ ಮೂರು ಲಕ್ಷ ಖಾಲಿ. ಆ ಎರಡೂವರೆ ಲಕ್ಷಕ್ಕೆ ಮಾಲೀಕರು ಕೊಡುವ ಬಡ್ಡಿ ಸೊನ್ನೆ. ಬ್ಯಾಂಕಿನಲ್ಲಿಟ್ಟು ಶೇ. 6 ಸಿಕ್ಕಿದರೂ ವರ್ಷಕ್ಕೆ 15,000 ರೂಪಾಯಿ. ಖಾಲಿ ಮಾಡುವ ದಿನ ‘ಪೇಂಟಿಂಗ್’ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಗೋಡೆಗೆ ಒಂದು ಮೊಳೆ ಹೊಡೆಯದಿದ್ದರೂ ಸರಿ. ಹೀಗೆ ಬಡ್ಡಿಯಿಲ್ಲದೆ, ಒತ್ತೆಯಿಲ್ಲದೆ ಲಕ್ಷಗಟ್ಟಲೆ ಕೊಡುವವನು ಸಾಲಗಾರನಲ್ಲ, ಸಾಲ ಕೊಡುವವನು. ಬ್ಯಾಂಕಿನ ಮ್ಯಾನೇಜರು ಸಾಲ ಕೇಳಲು ಬಂದವನ ಎದುರು ಕೈಕಟ್ಟಿ ನಿಂತು ತನ್ನ ಪಿಯುಸಿ ಅಂಕ ಒಪ್ಪಿಸಿದ್ದನ್ನು ನೋಡಿದ್ದೀರಾ? ಬೆಂಗಳೂರಿನಲ್ಲಿ ದಿನವೂ ನಡೆಯುವುದು ಅದೇ.

‘ಬಾಡಿಗೆದಾರ ಖಾಲಿ ಮಾಡದೆ ಕೂತರೆ ನಮ್ಮ ಗತಿಯೇನು’ ಎಂಬ ಗೋಳು ಕೇಳಿ ಕೇಳಿ ಸಾಕಾಗಿದೆ. ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳುವವರು ಯಾರು ಸ್ವಾಮಿ? ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ಕಾಯ್ದೆ ಹೇಳುತ್ತದೆ. ಅದನ್ನು ತಪ್ಪಿಸಿಕೊಳ್ಳಲೆಂದೇ ಆ ಹನ್ನೊಂದು. ಕಾನೂನಿಗೆ ಬೆನ್ನು ತೋರಿಸಿ ಓಡಿದವರೇ ಕಾನೂನು ತಮ್ಮ ಬೆನ್ನಿಗೆ ನಿಂತಿಲ್ಲವೆಂದು ಅಳುತ್ತಾರೆ.

ಇನ್ನು ಬಯೋಡೇಟಾದಲ್ಲಿ ಬರೆಯಲಾಗದ ಪ್ರಶ್ನೆಗೆ ಬರೋಣ. ಜಾತಿ ಯಾವುದೆಂದು ನೇರವಾಗಿ ಕೇಳುವ ಒರಟರು ಈಗ ಕಮ್ಮಿ. ನಮ್ಮವರು ನಾಜೂಕು ಕಲಿತಿದ್ದಾರೆ. ‘ಯಾವ ಕಡೆಯವರು?’ ಊರು ಹೇಳಿದರೆ ಸಾಲದು. ‘ಮನೆದೇವರು ಯಾವುದು?’ ಆಹಾ, ಎಂಥ ಭಕ್ತಿ! ಬಾಡಿಗೆಗೆ ಬರುವವನ ಕುಲದೈವದ ಮೇಲೆ ಇಷ್ಟು ಶ್ರದ್ಧೆ ಬೇರೆಲ್ಲಿ ಸಿಕ್ಕೀತು? ಇಪ್ಪತ್ತು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಮನೆಯೊಂದರ ವರಾಂಡದಲ್ಲಿ ಕೂತು ಈ ಪರೀಕ್ಷೆ ಬರೆದಿದ್ದೇವೆ. ಗೋಡೆಯ ಮೇಲೆ ಬಸವಣ್ಣನ ದೊಡ್ಡ ಪಟ, ಅದರ ಕೆಳಗೆ ಯಜಮಾನರು. ನಾನು ಮನೆದೇವರ ಹೆಸರು ಹೇಳಿದ ಕೂಡಲೇ ಒಳಗಿನಿಂದ ಬರಬೇಕಿದ್ದ ಕಾಫಿ ಬರಲಿಲ್ಲ. ‘ತಪ್ಪು ತಿಳ್ಕೋಬೇಡಿ, ನಮಗೇನೂ ಭೇದ ಇಲ್ಲ, ಮನೇಲಿ ದೊಡ್ಡೋರಿದಾರೆ’ ಅಂದರು. ಈ ‘ದೊಡ್ಡೋರು’ ಪ್ರತಿ ಮನೆಯಲ್ಲೂ ಇದ್ದಾರೆ. ಯಾರೂ ಇವರನ್ನು ನೋಡಿಲ್ಲ, ಇವರಿಗೆ ಸಾವೂ ಇಲ್ಲ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಪಟ ಇನ್ನೂ ಕೆಲವು ಗೋಡೆ ಏರಿರಬೇಕು.

ನನಗಾದರೂ ಎರಡು ತಿಂಗಳಲ್ಲಿ ಬೇರೆ ಮನೆ ಸಿಕ್ಕಿತು. ಹೆಸರು ಹೇಳಿದೊಡನೆ ‘ಈಗಷ್ಟೇ ಬೇರೆಯವರಿಗೆ ಆಯ್ತು’ ಎಂಬ ಉತ್ತರ ಕೇಳುವ ಮುಸ್ಲಿಂ ಗೆಳೆಯನಿಗೆ ಯಾವ ಗುರು ಯಾವ ಉಪಾಯ ಹೇಳಿಕೊಡುತ್ತಾನೆ? ಅಂಗಿಗೆ ಇನ್ನೊಂದು ಸಲ ಇಸ್ತ್ರಿ ಹಾಕು ಅಂತಲೇ? ಹಳ್ಳಿಯ ಕೇರಿ ಬಿಟ್ಟು ಬಂದವರಿಗೆ ಪಟ್ಟಣ ಮುಕ್ತಿ ಕೊಡುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಕೇರಿ ಎಲ್ಲೂ ಹೋಗಿಲ್ಲ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಹಾಕಿಕೊಂಡು ಎರಡನೇ ಮಹಡಿಗೆ ಹತ್ತಿದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹಿಡಿದು ಅಲ್ಲಿ ಯಾರನ್ನೂ ತಡೆಯಬಾರದೆನ್ನುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಹೋಟೆಲಿನಲ್ಲಿ ಪಕ್ಕದಲ್ಲಿ ಕೂತು ದೋಸೆ ತಿನ್ನಬಹುದು, ಪಕ್ಕದ ಮನೆಯಲ್ಲಿ ದೋಸೆ ಹುಯ್ಯುವ ಹಾಗಿಲ್ಲ.

ಸರ್ಕಾರ ಏನು ಮಾಡುತ್ತಿದೆ ಎಂದಿರಾ? ಕೇಂದ್ರ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಎಂದು ಅದರಲ್ಲಿದೆ. ನನ್ನ ಲೆಕ್ಕದಲ್ಲಿ ಎರಡೂವರೆ ಲಕ್ಷದ ಜಾಗದಲ್ಲಿ 50,000. ಮಾತೆತ್ತಿದರೆ ನಾವು ಹಿಂದುಳಿದ ರಾಜ್ಯವೆಂದು ಹೀಗಳೆಯುವ ಉತ್ತರ ಪ್ರದೇಶ ಅದೇ ವರ್ಷ ಈ ಮಿತಿಯನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿತು. ನಮ್ಮದು 1999ರ ಬಾಡಿಗೆ ಕಾಯ್ದೆ. ಬೆಂಗಳೂರಿನಲ್ಲಿ ಬಾಡಿಗೆ 3,500 ರೂಪಾಯಿ ದಾಟಿದ ಮನೆಯನ್ನು ಅದು ಹೊರಗಿಟ್ಟಿದೆ. ಆ ದುಡ್ಡಿಗೆ ಇವತ್ತು ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ನೂರೆಂಟು ವಿಷಯಕ್ಕೆ ಬೀದಿಗಿಳಿಯುವ ಪಕ್ಷಗಳು ಈ ಹತ್ತು ತಿಂಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ನಾಲ್ಕು ಬಾಡಿಗೆ ಮನೆ ಕಟ್ಟಿಸದ ರಾಜಕಾರಣಿ ಯಾರಾದರೂ ಗೊತ್ತಿದ್ದರೆ ಹೇಳಿ, ಹೋಗಿ ಹಾರ ಹಾಕಿ ಬರುತ್ತೇನೆ.

ಹುಡುಗನ ಬಯೋಡೇಟಾವನ್ನು ನಾನು ತಿದ್ದಲಿಲ್ಲ. ಅವನು ಮುನಿಸಿಕೊಂಡಿದ್ದಾನೆ, ಇರಲಿ. ನಿಮಗೊಂದು ಮಾತು ಹೇಳುತ್ತೇನೆ. ಮುಂದಿನ ಸಲ ಮನೆ ನೋಡಲು ಹೋದಾಗ, ಅವರ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ನೀವೂ ಒಂದು ಕೇಳಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಎಚ್‌ಆರ್‌ಎ ವಿನಾಯಿತಿಗೆ ಮಾಲೀಕರ ಪ್ಯಾನ್ ನಂಬರು ಕೊಡಬೇಕು. ಅದನ್ನು ಕೇಳಿ, ಸುಮ್ಮನೆ ಅವರ ಮುಖ ನೋಡುತ್ತಾ ಕೂತಿರಿ.