ಮಾರುವ ಅನ್ನದ ಮರ್ಯಾದೆ

ಬಸವಕಲ್ಯಾಣಕ್ಕೆ ಹೋಗಿಬಂದವರು ಆಡುವ ಮಾತೊಂದುಂಟು: “ಅಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ತಿನ್ನುವುದಕ್ಕೆ ಏನೂ ಇಲ್ಲ.” ಕೋಟೆಯನ್ನು ಹತ್ತಿ ಇಳಿದು, ತ್ರಿಪುರಾಂತಕ ಕೆರೆಯ ದಂಡೆಯಲ್ಲಿ ಅಡ್ಡಾಡಿ, ನಾರಾಯಣಪುರದ ಚಾಲುಕ್ಯ ದೇಗುಲದ ಮುಂದೆ ಬೆರಗಾಗಿ ನಿಂತವರು, ಹಸಿವಾದ ಕೂಡಲೇ ಊರನ್ನು ಬಿಟ್ಟು ಹೆದ್ದಾರಿಯ ಕಡೆಗೆ ವಾಹನವನ್ನು ತಿರುಗಿಸುತ್ತಾರೆ. ಪುಣೆಯಲ್ಲಿಯೂ ಹೈದರಾಬಾದಿನಲ್ಲಿಯೂ ಒಂದೇ ರುಚಿಯಾಗಿರುವ ಪನೀರಿನ ಪಲ್ಯವನ್ನೂ ತಂದೂರಿ ರೊಟ್ಟಿಯನ್ನೂ ಅಲ್ಲಿ ತಿಂದು, ಕಲ್ಯಾಣದ ಯಾತ್ರೆ ಮುಗಿಯಿತೆಂದು ಭಾವಿಸುತ್ತಾರೆ. ಸುಮಾರು 30 ಕಿಲೋಮೀಟರು ದೂರದ ಹುಮನಾಬಾದಿನ ಗತಿಯೂ ಇದಕ್ಕಿಂತ ಭಿನ್ನವಲ್ಲ. ಬೀದರ, ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳ ದಾರಿಗಳು ಕೂಡುವ ಆ ಊರನ್ನು ಬಸ್ಸು ಬದಲಿಸುವ ಸ್ಥಳವೆಂದು ಬಲ್ಲವರು ಬಹಳ. ಕುಳಿತು ಉಣ್ಣತಕ್ಕ ಊರೆಂದು ಬಲ್ಲವರು ಕಡಮೆ.

ಈ ಎರಡು ಊರುಗಳಲ್ಲಿ ಹಲವು ವರ್ಷ ಓಡಾಡಿದ ನನಗೆ ಆ ಮಾತು ನಿಜವೆಂದು ತೋರುವುದಿಲ್ಲ. ಒಳ್ಳೆಯ ಆಹಾರ ಇಲ್ಲಿ ಧಾರಾಳವಾಗಿದೆ. ಅದನ್ನು ಬೇಯಿಸಿ ಮಾರುವವರಿಗೆ ಸಮಾಜದಲ್ಲಿ ಮರ್ಯಾದೆಯಿಲ್ಲ. ಮರ್ಯಾದೆಯಿಲ್ಲದ ಕಾರಣ ಅವರ ಅಂಗಡಿಗೆ ನಾಮಫಲಕವಿಲ್ಲ. ನಾಮಫಲಕವಿಲ್ಲದ ಕಾರಣ ಪರಸ್ಥಳದವರ ಕಣ್ಣಿಗೆ ಅದು ಬೀಳುವುದಿಲ್ಲ. ಈ ಸರಪಳಿಯನ್ನು ತುಂಡರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಹುಡುಕುವ ಬಗೆಯನ್ನು ನೋಡೋಣ. ಯಾವ ಊರಿನಲ್ಲಿಯೇ ಆಗಲಿ ಉಪಾಹಾರದ ಅಂಗಡಿಗಳು ಎರಡು ತೆರ. ಮತ್ತೆಂದೂ ಬಾರದ ಗಿರಾಕಿಯನ್ನು ನೆಚ್ಚಿಕೊಂಡವು ಒಂದು; ನಾಳೆಯೂ ಬರುವ ಗಿರಾಕಿಯನ್ನು ನೆಚ್ಚಿಕೊಂಡವು ಇನ್ನೊಂದು. 65ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯ ಥಳಕಿನ ಧಾಬಾಗಳಲ್ಲಿ ಬಹಳಷ್ಟು ಮೊದಲನೆಯ ವರ್ಗಕ್ಕೆ ಸೇರಿದವು. ಲಾರಿಯ ಚಾಲಕರು ಪದೇ ಪದೇ ನಿಲ್ಲುವ ಕೆಲವನ್ನು ಮಾತ್ರ ಹೊರತುಪಡಿಸಬೇಕು. ಎರಡನೆಯ ವರ್ಗದವು ಊರೊಳಗೆ, ದಿನನಿತ್ಯ ಬರುವವರ ಹಾದಿಯಲ್ಲಿರುತ್ತವೆ. ಧಾನ್ಯದ ಪೇಟೆಯ ಹಮಾಲರು, ಕೋರ್ಟಿಗೆ ಅಲೆಯುವ ಕಕ್ಷಿದಾರರು, ಹಳ್ಳಿಯಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಎಲ್ಲಿ ಕುಳಿತಿರುವರೋ ಅಲ್ಲಿ ಕುಳಿತವನಿಗೆ ಮೋಸವಾಗುವುದು ಅಪರೂಪ. ನಿನ್ನೆಯ ಪಲ್ಯವನ್ನು ಇಂದು ಬಡಿಸಿದರೆ ನಾಳೆ ಅಂಗಡಿಗೆ ಯಾರೂ ಬರುವುದಿಲ್ಲವೆಂಬ ಅಂಜಿಕೆ, ಯಾವ ಸರಕಾರಿ ತಪಾಸಣೆಗಿಂತಲೂ ಬಲವಾದ ಕಾವಲು.

ಇನ್ನು ಕೇಳುವ ರೀತಿ. “ಒಳ್ಳೆಯ ಹೋಟೆಲು ಎಲ್ಲಿದೆ?” ಎಂದು ಕೇಳಿದರೆ ಊರವರು ಅತಿಥಿಯ ಮೇಲಣ ಗೌರವದಿಂದ ಫ್ಯಾನು, ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿಗಳಿರುವ ಸ್ಥಳವನ್ನು ತೋರಿಸುತ್ತಾರೆ. “ನೀವು ಎಲ್ಲಿ ಉಣ್ಣುತ್ತೀರಿ?” ಎಂದು ಕೇಳಬೇಕು. ಹುಮನಾಬಾದಿನ ಕಿರಾಣಿ ವ್ಯಾಪಾರಿಯೊಬ್ಬರನ್ನು ನಾನು ಹೀಗೆ ಕೇಳಿದಾಗ ಅವರು ಸ್ವಲ್ಪ ಸಂಕೋಚಪಟ್ಟು, ಎದುರಿನ ಓಣಿಯನ್ನು ತೋರಿಸಿ, “ಅದು ನಮ್ಮಂಥೋರು ಉಣ್ಣೋ ಜಾಗಾ ಅದ ರೀ ಸರ್, ನಿಮಗ ಸರಿ ಬರಲ್ಲ” ಎಂದರು. ಆ ಓಣಿಯ ಊಟ ನನಗೆ ಚೆನ್ನಾಗಿಯೇ ಸರಿಬಂದಿತು. ಆದರೆ ಅವರ ಮಾತು ಮನಸ್ಸಿನಲ್ಲಿ ಉಳಿಯಿತು. ತಾನು ದಿನವೂ ತೃಪ್ತಿಯಿಂದ ಉಣ್ಣುವ ಅನ್ನವನ್ನು ಅತಿಥಿಗೆ ಹೇಳಲು ಒಬ್ಬ ಮನುಷ್ಯ ನಾಚಬೇಕಾಗಿ ಬಂದುದೇಕೆ?

ಆ ಓಣಿಯ ಊಟವೆಂದರೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಶೇಂಗಾ ಹಿಂಡಿ, ಹಸಿಯ ಉಳ್ಳಾಗಡ್ಡಿ. ನೋಡಲು ಬಡವಾದ ಈ ಊಟದ ಹಿಂದಿರುವ ಕೌಶಲ ಬಡವಾದುದಲ್ಲ. ಗೋದಿಯ ಕಣಕಕ್ಕಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ನೀರನ್ನು ಹೊಯ್ದು, ನಾದಿ, ನಾದಿದೊಡನೆ ಒಂದೊಂದಾಗಿ ಕೈಯಿಂದ ಬಡಿದು, ಬಿರಿಯದಂತೆ ಹೆಂಚಿಗೆ ಹಾಕಬೇಕು. ಕಣಕವನ್ನು ಬೆಳಗ್ಗೆ ಕಲಸಿಟ್ಟು ಸಂಜೆಯವರೆಗೆ ಬೇಕಾದಾಗ ಬೇಯಿಸುವ ಹೋಟೆಲಿನ ಅನುಕೂಲ ಇದಕ್ಕಿಲ್ಲ. ಆದುದರಿಂದ ದೊಡ್ಡ ಹೋಟೆಲುಗಳು ರೊಟ್ಟಿಯನ್ನು ಕೈಬಿಟ್ಟವು. ಸಣ್ಣ ಖಾನಾವಳಿಗಳೂ ರೊಟ್ಟಿ ಬಡಿಯುವ ಹೆಣ್ಣುಮಕ್ಕಳೂ ಅದನ್ನು ಕೈಬಿಡಲಿಲ್ಲ. ರೊಟ್ಟಿಯ ಅಂಗಡಿಗೆ ಹೋದರೆ ಅಲ್ಲಿಯ ಅವ್ವ ಕೇಳುವ ಮೊದಲ ಪ್ರಶ್ನೆ, “ಕಡಕ್ ಬೇಕೇನ್ರಿ, ಮೆತ್ತಗಿನವು ಬೇಕೇನ್ರಿ?” ಎಂಬುದು. ಕಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ದೂರದ ಊರಿಗೆ ಒಯ್ಯುವವರಿಗೆ ಅದಕ್ಕಿಂತ ಒಳ್ಳೆಯ ಬುತ್ತಿಯಿಲ್ಲ.

ದಿನಸಿಯ ಅಂಗಡಿಗಳಲ್ಲಿಯೂ ಕೇಳಿ ಪಡೆಯಬೇಕಾದ ಪದಾರ್ಥಗಳಿವೆ. ಅಗಸಿ, ಗುರೆಳ್ಳು, ಶೇಂಗಾಗಳ ಹಿಂಡಿಯನ್ನು ಡಬ್ಬದ ಮೇಲಿನ ಚಿತ್ರ ನೋಡಿ ಕೊಳ್ಳಬಾರದು. ಮೂಸಿ ನೋಡಿ, ಇಂದು ಕುಟ್ಟಿದ್ದೋ ಹೋದ ತಿಂಗಳದ್ದೋ ಎಂದು ವಿಚಾರಿಸಿ ಕೊಳ್ಳಬೇಕು. ಕಬ್ಬು ಬೆಳೆಯುವ ಈ ನಾಡಿನಲ್ಲಿ ಬೆಲ್ಲಕ್ಕೆ ಕೊರತೆಯಿಲ್ಲ. ಆದರೆ ಹೊಂಬಣ್ಣಕ್ಕೆ ಮರುಳಾಗುವುದು ಬೇಡ. ಕಣ್ಣು ಕುಕ್ಕುವ ಹಳದಿ ಬಣ್ಣ ಬಹುಮಟ್ಟಿಗೆ ರಾಸಾಯನಿಕದ ಕೃಪೆ. ಕಂದು ಬೆಲ್ಲವೇ ನಂಬಿಕೆಗೆ ಹೆಚ್ಚು ಯೋಗ್ಯ. ನೆರೆಯ ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹುಮನಾಬಾದಿನಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದ ಕೆಂಪು ಬಾಳೆಗೂ ಅಂತಹುದೇ ಮಾನ್ಯತೆಯಿದೆ. ಹೀಗೆ ನೆಲದ ಬೆಳೆಗೆ ಸರಕಾರ ಮುದ್ರೆಯೊತ್ತುತ್ತಿದೆ. ಅದೇ ಬೆಳೆಯನ್ನು ಬೇಯಿಸಿ ಬಡಿಸುವ ಕೈಗೆ ಮಾತ್ರ ಇನ್ನೂ ಮುದ್ರೆ ಬಿದ್ದಿಲ್ಲ.

ಈ ಸೀಮೆಯ ಅಡುಗೆ ಒಂದೇ ಮನೆಯದೂ ಅಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯವನ್ನು ಸೇರಿದ ಈ ನೆಲದಲ್ಲಿ ಕನ್ನಡದ ಜೊತೆಗೆ ಮರಾಠಿ, ತೆಲುಗು, ದಖನಿ ಉರ್ದುಗಳೂ ಅಂಗಡಿಯ ಮುಂದೆ ಕೇಳಿಬರುತ್ತವೆ. ಪುಂಡಿ ಪಲ್ಯದ ಖಾನಾವಳಿಯಿಂದ ಹೊರಬಿದ್ದವನು ನಾಲ್ಕು ಹೆಜ್ಜೆಯಲ್ಲಿ ಗಟ್ಟಿ ಹಾಲಿನ ಚಹದ ಅಂಗಡಿಯನ್ನೂ, ಇನ್ನು ನಾಲ್ಕು ಹೆಜ್ಜೆಯಲ್ಲಿ ಬಗಾರಾ ಅನ್ನ, ದಾಲ್ಚಾಗಳ ಅಡುಗೆಯನ್ನೂ ಕಾಣಬಹುದು. ಹೈದರಾಬಾದಿನಲ್ಲಿ ‘ಕಲ್ಯಾಣಿ ಬಿರಿಯಾನಿ’ ಎಂಬುದೊಂದು ಪ್ರಸಿದ್ಧ. ಸಣ್ಣ ಸಣ್ಣ ತುಂಡುಗಳ ಮಾಂಸ ಹಾಕಿ ಬೇಯಿಸುವ ಆ ಅನ್ನವನ್ನು ಇದೇ ಕಲ್ಯಾಣಿಯ ನವಾಬರ ಮನೆತನದೊಡನೆ ಜೋಡಿಸಿ ಹೇಳುವುದು ವಾಡಿಕೆ. ಅಲ್ಲಿ ಬಡವರ ಬಿರಿಯಾನಿ ಎಂಬ ಹೆಸರಿನಿಂದಲೇ ಅದು ಜನಪ್ರೀತಿಯನ್ನು ಗಳಿಸಿತು. ಊರಿನ ಹೆಸರು ಅನ್ನದ ತಟ್ಟೆಯಲ್ಲಿ ಕುಳಿತು ಮಹಾನಗರವನ್ನು ಸೇರಿ ಕೀರ್ತಿ ಪಡೆಯಿತು; ಊರಿಗೆ ಬಂದ ಯಾತ್ರಿಕನಿಗೆ ಮಾತ್ರ ಆ ಕಥೆಯನ್ನು ಹೇಳುವವರಿಲ್ಲ.

ಅನ್ನದ ವಿಷಯದಲ್ಲಿ ಕಲ್ಯಾಣಕ್ಕೆ ಇರುವ ಹಿರಿಮೆ ಸಾಮಾನ್ಯವಾದುದಲ್ಲ. ಈ ರಾಜಧಾನಿಯಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ, ಅವುಗಳಲ್ಲಿ ‘ಅನ್ನಭೋಗ’ವೂ ಒಂದು. ಉದ್ದಿನ ಹಿಟ್ಟಿನ ಇಡರಿಕೆ, ದೋಸಕ, ವಟಕ ಮುಂತಾದ ತಿನಿಸುಗಳ ಪ್ರಸ್ತಾಪವನ್ನು ಅಲ್ಲಿ ಕಂಡವರಿಗೆ, ಇಂದಿನ ಉಪಾಹಾರಗೃಹದ ಫಲಕವನ್ನು ಓದಿದಂತೆಯೇ ಆದೀತು. ಅದಕ್ಕೂ ಒಂದು ಶತಮಾನ ಮೊದಲು, 1025ರ ಸುಮಾರಿನಲ್ಲಿ, ಅದೇ ವಂಶದ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ಕನ್ನಡ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆ ಸ್ಥಾನ ದೊರೆತಿತ್ತು. ಅನಂತರ ಬಂದ ಶರಣರು ಅನ್ನವನ್ನು ಅರಮನೆಯ ಭೋಗದಿಂದ ಬಿಡಿಸಿ ದಾಸೋಹದ ಪಂಕ್ತಿಗೆ ತಂದರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ, 1817ರಲ್ಲಿ ಜನಿಸಿದ ಮಾಣಿಕಪ್ರಭುಗಳ ಸಂಸ್ಥಾನ ಇಂದಿಗೂ ಅನ್ನದಾನವನ್ನು ನಡೆಸಿಕೊಂಡು ಬಂದಿದೆ. ಎಳ್ಳಮಾವಾಸ್ಯೆಯಂದು ಈ ಜಿಲ್ಲೆಯ ಹೊಲಗಳಲ್ಲಿ ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳನ್ನು ಹಂಚಿ ಉಣ್ಣುವಾಗ ದಾರಿಹೋಕನನ್ನೂ ಕರೆದು ಕೂರಿಸುತ್ತಾರೆ.

ರಾಜನ ಅನ್ನಕ್ಕೆ ಗ್ರಂಥವುಂಟು. ದಾನದ ಅನ್ನಕ್ಕೆ ಪುಣ್ಯವುಂಟು. ಮಾರುವ ಅನ್ನಕ್ಕೆ ಮಾತ್ರ ಎರಡೂ ಇಲ್ಲ. ಅನ್ನವನ್ನು ಮಾರಬಾರದು, ವಿದ್ಯೆಯನ್ನು ಮಾರಬಾರದು ಎಂದು ಹಿರಿಯರು ಹೇಳುತ್ತಿದ್ದರು. ಈ ಮಾತಿನ ಎರಡನೆಯ ಅರ್ಧವನ್ನು ತಿಂಗಳ ಸಂಬಳ ಪಡೆಯುವ ನಾವು ಅಧ್ಯಾಪಕರು ಎಂದೋ ಮರೆತಿದ್ದೇವೆ. ಮೊದಲ ಅರ್ಧವನ್ನು ಮಾತ್ರ ರೊಟ್ಟಿ ಮಾರುವವರ ಮೇಲೆ ಹೇರುತ್ತಿದ್ದೇವೆ.

ಶರಣರ ಊರಿನಲ್ಲಿ ಹೀಗಾಗತಕ್ಕುದಲ್ಲ. ಅಲ್ಲಿ ಬತ್ತ ಕುಟ್ಟುವ ಕೊಟ್ಟಣದ ಸೋಮವ್ವ ಶರಣೆ. ಎಣ್ಣೆ ತೆಗೆಯುವ ಗಾಣದ ಕಣ್ಣಪ್ಪ ಶರಣ. ಹೆಂಡ ಮಾರುತ್ತಿದ್ದ ಮಾರಯ್ಯನೂ ಶರಣ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಲಕ್ಕಮ್ಮ ಕಳುಹಿಸಿದ ಕಥೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ದುಡಿಮೆಯಿಂದ ಬಂದುದು ಶುದ್ಧವಾಗಿರಬೇಕು, ಅಳತೆ ಮೀರಬಾರದು ಎಂಬುದು ಆ ಕಥೆಯ ಸಾರ. ನ್ಯಾಯವಾದ ಬೆಲೆಗೆ ಶುಚಿಯಾದ ರೊಟ್ಟಿಯನ್ನು ಮಾರುವ ಹೆಂಗಸು ಆ ಸಾರವನ್ನೇ ಪ್ರತಿದಿನ ಬಾಳುತ್ತಿದ್ದಾಳೆ. ಅದು ಕಾಯಕವಲ್ಲವೆನ್ನುವವರು ಕಾಯಕವೆಂದರೆ ಏನೆಂದು ಹೇಳಬೇಕಾಗುತ್ತದೆ.

ದಾಸೋಹವಿರುವಾಗ ಹೋಟೆಲಿನ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ದಾಸೋಹದ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ದಾಸೋಹದಲ್ಲಿ ಉಣ್ಣುವವನು ಅತಿಥಿ. ಉಪ್ಪು ಹೆಚ್ಚಾದರೂ ಸುಮ್ಮನಿರುವುದು ಅವನಿಗೆ ಶೋಭೆ. ದುಡ್ಡು ಕೊಟ್ಟು ಉಣ್ಣುವವನಿಗೆ ಕೇಳುವ ಹಕ್ಕುಂಟು, ಬೆಂಚಿನ ಮೇಲೆ ಎಲ್ಲರ ಸರಿಸಮನಾಗಿ ಕೂರುವ ಹಕ್ಕುಂಟು. ಈ ಹಕ್ಕು ಸುಲಭವಾಗಿ ಬಂದುದಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ, ಅಂಗಡಿಗಳಿಗೂ ಸಾರ್ವಜನಿಕ ಉಪಾಹಾರಗೃಹಗಳಿಗೂ ಹೋಗುವಲ್ಲಿ ಜಾತಿ ಮತಗಳ ಕಾರಣದಿಂದ ಯಾರಿಗೂ ಅಡ್ಡಿಯಿರಕೂಡದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂತಹ ಅಡ್ಡಿಯನ್ನು ದಂಡನಾರ್ಹವಾಗಿಸಿತು. ಮೂಲಭೂತ ಹಕ್ಕುಗಳನ್ನು ಬರೆಯುವಾಗ ಹೋಟೆಲಿನ ಹೆಸರನ್ನು ಎತ್ತಬೇಕೆಂದು ನಮ್ಮ ಸಂವಿಧಾನಕರ್ತರಿಗೆ ತೋರಿತೆಂದರೆ, ಅದರ ಹೊಸ್ತಿಲಲ್ಲಿ ಎಷ್ಟು ಜನ ಅವಮಾನ ಪಟ್ಟಿರಬೇಕು! ಚಹಕ್ಕೆ ಬೇರೆ ಲೋಟವನ್ನು ಇಡುವ ಪಿಡುಗು ನಾಡಿನ ಕೆಲವು ಹಳ್ಳಿಗಳಿಂದ ಇನ್ನೂ ಹೋಗಿಲ್ಲವೆಂಬ ಸುದ್ದಿ ಆಗಾಗ ಬರುತ್ತಲೇ ಇದೆ. ಆದುದರಿಂದ ಒಳ್ಳೆಯ ಅಂಗಡಿಯನ್ನು ಅಳೆಯುವ ಕೋಲಿಗೆ ರುಚಿ, ಶುಚಿ, ಬೆಲೆಗಳ ಜೊತೆಗೆ ನಾಲ್ಕನೆಯ ಗುರುತೊಂದನ್ನು ಹಾಕಬೇಕು: ಅಲ್ಲಿ ಯಾರು ಬೇಕಾದರೂ ಸಂಕೋಚವಿಲ್ಲದೆ ಬಂದು ಕೂರಬಲ್ಲರೆ? ಕಲ್ಯಾಣದಲ್ಲಿ ಈ ಪ್ರಶ್ನೆಯನ್ನು ಕೇಳದೆ ಇನ್ನೆಲ್ಲಿ ಕೇಳಬೇಕು?

ಈಗ ಈ ವಿಚಾರವನ್ನು ಎತ್ತುವುದಕ್ಕೆ ಕಾರಣವಿದೆ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. 2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆದು ಹುಮನಾಬಾದಿಗೂ ರೈಲಿನ ನಂಟಾಯಿತು. 2019ರಿಂದ ಇಡೀ ಸೀಮೆಯೇ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರನ್ನು ಹೊತ್ತಿದೆ. ನಾಳೆ ಯಾತ್ರಿಕರು ಹೆಚ್ಚುತ್ತಾರೆ. ಅವರ ಹಿಂದೆಯೇ ಎಲ್ಲ ಊರಿನಲ್ಲಿಯೂ ಒಂದೇ ರೂಪದಲ್ಲಿರುವ ಹೋಟೆಲುಗಳೂ ಬರುತ್ತವೆ. ಅವು ಬರಲಿ, ಬೇಡವೆನ್ನುವುದಿಲ್ಲ. ಅವುಗಳ ನಡುವೆ ರೊಟ್ಟಿಯ ಅವ್ವನಿಗೆ ಜಾಗವಿರುತ್ತದೆಯೆ ಎಂಬುದೇ ನನ್ನ ಕಳವಳ. ಮುಂಗಾರಿನ ಹೊಲಗಳಲ್ಲಿ ಈಗ ಸೋಯಾ ಬೆಳೆ ಹಬ್ಬಿದೆ. ಜೋಳಕ್ಕೆ ಊರಿನಲ್ಲಿಯೇ ಗಿರಾಕಿ ಕಡಮೆಯಾದರೆ ರೈತ ಅದನ್ನು ಏಕೆ ಬಿತ್ತಿಯಾನು?

ಮಾಡಬೇಕಾದುದು ಬಹಳವೇನಲ್ಲ. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವು ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿಟ್ಟು ಮಹಿಳಾ ಸಂಘಗಳ ಮೂಲಕ ಮಾರಾಟಕ್ಕೆ ತಂದಿದೆ. ಕಲ್ಯಾಣದ ಸ್ಮಾರಕಗಳ ಸುತ್ತ ಇಲ್ಲಿಯ ಸಂಘಗಳಿಗೂ ನೀರು, ನೆರಳು, ಒಲೆಗಳಿರುವ ಹತ್ತಿಪ್ಪತ್ತು ಮಳಿಗೆಗಳನ್ನು ಕೊಡಬಹುದು. ಹೋಟೆಲಿನವರು ತಮ್ಮ ಫಲಕದ ಮೇಲೆ ಪುಂಡಿ ಪಲ್ಯದ ಹೆಸರನ್ನು ಕನ್ನಡದಲ್ಲಿ, ನಾಚದೆ, ದೊಡ್ಡ ಅಕ್ಷರದಲ್ಲಿ ಬರೆಯಬಹುದು. ಇನ್ನೊಂದು ಕೆಲಸ ನಮ್ಮದು, ಅಂದರೆ ಅಧ್ಯಾಪಕರದು ಮತ್ತು ವಿದ್ಯಾರ್ಥಿಗಳದು. ಶಾಸನಗಳನ್ನು ಓದಿಸಲು ಮಕ್ಕಳನ್ನು ಜಲಸಂಗಿಯ ಗುಡಿಗೆ ಕರೆದೊಯ್ಯುವ ನಾವು, ಅದೇ ದಿನ ಹುಮನಾಬಾದಿನ ಪೇಟೆಯಲ್ಲಿ ಒಂದು ಗಂಟೆ ನಿಲ್ಲಿಸಿ, ಯಾವ ಓಣಿಯಲ್ಲಿ ಯಾರು ಏನನ್ನು ಬೇಯಿಸುತ್ತಾರೆ, ಅದಕ್ಕೆ ಧಾನ್ಯ ಎಲ್ಲಿಂದ ಬರುತ್ತದೆ, ಅದನ್ನು ಅವರು ಯಾರಿಂದ ಕಲಿತರು ಎಂಬುದನ್ನು ಬರೆಯಿಸಬಹುದು. ಒಂದು ವರ್ಷದ ಇಂತಹ ಬರವಣಿಗೆ ಕೂಡಿದರೆ, ಸುಮಾರು ಒಂಬೈನೂರು ವರ್ಷಗಳ ಹಿಂದೆ ದೊರೆಯೊಬ್ಬನು ಬರೆದ ಗ್ರಂಥದಲ್ಲಿ ಬಿಟ್ಟುಹೋದ ಅಧ್ಯಾಯವೊಂದು ಸಿದ್ಧವಾಗುತ್ತದೆ.

ಬಸವಕಲ್ಯಾಣಕ್ಕೆ ಹೊರಟ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಹೆದ್ದಾರಿಗೆ ಹಿಂದಿರುಗುವ ಮುನ್ನ ಊರೊಳಗೆ ಒಬ್ಬರನ್ನು ನಿಲ್ಲಿಸಿ, ಅವರು ಎಲ್ಲಿ ಉಣ್ಣುತ್ತಾರೆಂದು ಕೇಳಿರಿ. ಅವರು ಸಂಕೋಚಪಟ್ಟರೆ ಇನ್ನೊಮ್ಮೆ ಕೇಳಿರಿ. ಉಂಡು ಏಳುವಾಗ, ಬಡಿಸಿದವರಿಗೆ ಊಟ ಚೆನ್ನಾಗಿತ್ತೆಂದು ಹೇಳಿ ಬನ್ನಿರಿ. ದುಡ್ಡಿನ ಜೊತೆಗೆ ಆ ಮಾತೂ ಅವರಿಗೆ ಸಲ್ಲತಕ್ಕದ್ದು.