ಆಟದೊಳಗಿನ ಮರ ಬರೆದ ಕೈ ಯಾರದು?

ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯನ್ನು ಬಲ್ಲ ಓದುಗ ಬಂಧುಗಳಿಗೆ ಒಂದು ಮಾತು ಹೊಸದಲ್ಲ. (ಆ ಬೆಳೆಯ ಒಳಿತು ಕೆಡುಕುಗಳ ಚರ್ಚೆ ಬೇರೆ.) ಬೇಲ್‌ನ ಮೇಲ್ಪದರದಲ್ಲಿ ಹೊಂಬಣ್ಣದ ಎಲೆ ಜೋಡಿಸಿ, ಒಳಗೆ ಕಳಪೆ ಎಲೆ ತುಂಬಿ ತಂದರೆ ಕೊಳ್ಳುವವನು ಮುನಿಯುತ್ತಾನೆ. ಕಳಪೆ ಎಲೆಗೂ ಒಂದು ದರ್ಜೆಯಿದೆ, ಅದಕ್ಕೆ ತಕ್ಕ ಬೆಲೆಯಿದೆ. ಅವನ ಮುನಿಸು ಎಲೆಯ ಮೇಲಲ್ಲ, ಮರೆಮಾಚಿದ್ದರ ಮೇಲೆ. ವಿಡಿಯೋ ಆಟಗಾರರು ಇಂದು ಆಟದ ಕಂಪನಿಗಳೊಡನೆ ಹೂಡಿರುವ ಜಗಳವೂ ಬಹುಮಟ್ಟಿಗೆ ಇದೇ ಬಗೆಯದು.

ಹಿರಿಯರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಮನೆಯ ಹುಡುಗ ಮೊಬೈಲಿನಲ್ಲಿ ಆಡುವ ಆಟದೊಳಗಿನ ಮರ, ಗೋಡೆ, ಅಂಗಿ, ಕೇಳಿಬರುವ ದನಿ, ಇವೆಲ್ಲವನ್ನೂ ಯಾರಾದರೂ ಕುಳಿತು ಮಾಡಿರಲೇಬೇಕು. ಉದ್ಯಮದವರು ಇವನ್ನು ‘ಅಸೆಟ್’ ಎನ್ನುತ್ತಾರೆ. ಇದು ಪರದೇಶದ ಕಸುಬೆಂದು ಭಾವಿಸಬೇಕಾಗಿಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆ ವಿದೇಶೀ ಆಟಗಳಿಗೆ ಇಂತಹ ಚಿತ್ರಸಾಮಗ್ರಿ ಒದಗಿಸಿಯೇ ಹೆಸರು ಗಳಿಸಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡಿತು. ಕರ್ನಾಟಕ ಸರ್ಕಾರ 2012ರಲ್ಲೇ ಆನಿಮೇಷನ್ ಹಾಗೂ ಗೇಮಿಂಗ್ ಉದ್ಯಮಕ್ಕೆಂದು ಪ್ರತ್ಯೇಕ ನೀತಿ ರೂಪಿಸಿತು. ಚಿತ್ರ ಬರೆಯುವ ಮಗುವಿಗೆ ಹೊಟ್ಟೆಪಾಡಿನ ದಾರಿಯುಂಟೆಂದು ತಂದೆತಾಯಿಗಳು ನಂಬತೊಡಗಿದ್ದು ಈ ಅವಧಿಯಲ್ಲಿಯೇ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಕಲಾವಿದನು ದಿನಗಟ್ಟಲೆ ಶ್ರಮಿಸಿ ಮೂಡಿಸುತ್ತಿದ್ದ ಚಿತ್ರವನ್ನು ಯಂತ್ರ ಕ್ಷಣಮಾತ್ರದಲ್ಲಿ ಕೊಡುತ್ತದೆ. ಅದು ಕಲಿತಿರುವುದಾದರೋ ಕಲಾವಿದರ ಚಿತ್ರಗಳಿಂದಲೇ, ಅದೂ ಎಷ್ಟೋ ಸಲ ಅವರನ್ನು ಕೇಳದೆಯೇ. 2024ರ ಡಿಸೆಂಬರಿನಲ್ಲಿ ‘ಕಾಲ್ ಆಫ್ ಡ್ಯೂಟಿ’ ಎಂಬ ಪ್ರಸಿದ್ಧ ಆಟದಲ್ಲಿ ಕ್ರಿಸ್‌ಮಸ್ ತಾತನ ಚಿತ್ರವೊಂದು ಕಾಣಿಸಿತು. ಆಟಗಾರರು ಎಣಿಸಿ ನೋಡಿದರೆ ತಾತನ ಕೈಗೆ ಆರು ಬೆರಳು! ಯಂತ್ರವನ್ನು ಬಳಸಿದ್ದುಂಟೆಂದು ಕಂಪನಿ ಬಹಿರಂಗವಾಗಿ ತಿಳಿಸಿದ್ದು 2025ರ ಫೆಬ್ರವರಿಯಲ್ಲಿ. ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ದೊಡ್ಡ ಅಂಗಡಿ 2024ರ ಜನವರಿಯಿಂದ ಇಂತಹ ಬಳಕೆಯನ್ನು ತಿಳಿಸಬೇಕೆಂಬ ನಿಯಮ ಮಾಡಿದ್ದರಿಂದ ಅಷ್ಟಾದರೂ ಹೊರಬಂದಿತು. ಎಪಿಕ್ ಕಂಪನಿಯ ಮುಖ್ಯಸ್ಥ ಟಿಮ್ ಸ್ವೀನಿ ಅವರಿಗೆ ಈ ಚೀಟಿಯೇ ಅನವಶ್ಯಕವೆಂದು ತೋರಿದೆ. ಮುಂದೆ ಬಹುತೇಕ ಎಲ್ಲ ಆಟಗಳಲ್ಲೂ ಯಂತ್ರದ ಪಾಲು ಇರುವುದೆಂಬುದು 2025ರ ನವೆಂಬರಿನಲ್ಲಿ ಅವರು ಕೊಟ್ಟ ಕಾರಣ. ಎಲ್ಲ ಬೇಲ್‌ಗಳಲ್ಲೂ ಕಳಪೆ ಎಲೆ ಇದ್ದರೆ ದರ್ಜೆ ಬರೆಯುವುದನ್ನೇ ಬಿಡಬೇಕೆಂಬ ವಾದ ನಮ್ಮ ಬೆಳೆಗಾರರಿಗೂ ನಗು ತರಿಸೀತು.

ಬದುಕುಳಿಯುವ ಆಟಗಳೆಂಬ ಬಗೆಯಲ್ಲಿ ಈ ಅಸಮಾಧಾನ ಇನ್ನಷ್ಟು ತೀಕ್ಷ್ಣ. ಅಲ್ಲಿ ಆಟಗಾರನು ಬರಿಗೈಯಲ್ಲಿ ಇಳಿದು, ಅಲೆದು, ಸಾಮಗ್ರಿ ಕೂಡಿಹಾಕಿ, ಊರೂರುಗಳ ಅಪರಿಚಿತರಿಂದ ಪ್ರಾಣ ಕಾಪಾಡಿಕೊಳ್ಳಬೇಕು. ಸತ್ತರೆ ಗಳಿಸಿದ್ದು ಬಹುಪಾಲು ಹೋಯಿತು. ತಾನು ಗಂಟೆಗಟ್ಟಲೆ ದುಡಿದು ಸಂಪಾದಿಸಬೇಕಾದ ಲೋಕವನ್ನು ಕಟ್ಟಿದವರು ದುಡಿಯಲೇ ಇಲ್ಲವೆಂದರೆ ಅವನಿಗೆ ಕಹಿಯಾಗುವುದು ಸಹಜ. 2025ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಎಂಬಾರ್ಕ್ ಸಂಸ್ಥೆ ಹೊರತಂದ ‘ಆರ್ಕ್ ರೈಡರ್ಸ್’ ಇದಕ್ಕೆ ನಿದರ್ಶನ. ಅದರಲ್ಲಿ ಕೆಲವು ಮಾತುಗಳನ್ನು, ಸಂಬಳ ಪಡೆದು ಒಪ್ಪಿಕೊಂಡ ನಟರ ದನಿಯನ್ನು ಆಧರಿಸಿ, ಯಂತ್ರವೇ ಆಡಿತು. ಬ್ರಿಟನ್ನಿನ ಯೂರೋಗೇಮರ್‌ನ ವಿಮರ್ಶಕರು ಮುಖ್ಯವಾಗಿ ಇದನ್ನೇ ಆಕ್ಷೇಪಿಸಿ ಐದಕ್ಕೆ ಎರಡೇ ಅಂಕ ಕೊಟ್ಟರು. ಆದರೂ ಆಟ ಲಕ್ಷಗಟ್ಟಲೆ ಮಾರಾಟವಾಯಿತೆಂಬುದನ್ನು ಮರೆಯಬಾರದು. ಬಾಯಲ್ಲಿ ಬೈದವರೆಲ್ಲ ಕೈಯಲ್ಲಿ ಬಿಟ್ಟವರಲ್ಲ!

ನನ್ನ ತಮ್ಮನ ಮಗ ಬಿ.ಜಿ.ಎಂ.ಐ. ಆಡುವವನು. ಪಬ್‌ಜಿ 2020ರಲ್ಲಿ ನಿಷೇಧವಾದ ಮೇಲೆ ಅದೇ ಕೊರಿಯಾದ ಕಂಪನಿ 2021ರಲ್ಲಿ ನಮ್ಮ ದೇಶಕ್ಕೆಂದು ತಂದ ಆಟವದು. ಕೇಳಿದೆ. “ದೊಡ್ಡಪ್ಪಾ, ಬಂಡೆಕಲ್ಲನ್ನು ಯಾರು ಮಾಡಿದರೇನು, ಅದರ ಹಿಂದೆ ಅವಿತುಕೊಂಡರಾಯಿತು. ಆದರೆ ಆಟದ ಅಂಗಿಗೆಂದು ನನ್ನ ಹತ್ತಿರ ದುಡ್ಡು ತೆಗೆದುಕೊಂಡು ಯಂತ್ರದ ಚಿತ್ರ ಕೊಟ್ಟರೆ ಅದು ಮೋಸ ಅಲ್ಲವೇ?” ಎಂದ. ಬಂಡೆಗೂ ಅಂಗಿಗೂ ಅವನು ಎಳೆದ ಈ ಗೆರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಂಡೆ ಕಡೆಯುತ್ತಲೇ ಕೈ ಪಳಗಿದವನು ಅನಂತರ ಅಂಗಿಗೆ, ಮುಖಕ್ಕೆ ಏರುತ್ತಾನೆ. ಮೊದಲ ಮೆಟ್ಟಿಲನ್ನೇ ಯಂತ್ರಕ್ಕೆ ಕೊಟ್ಟರೆ ಹೊಸಬನು ಎಲ್ಲಿ ನಿಲ್ಲಬೇಕು?

2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಬೆಂಗಳೂರಿನಲ್ಲಿ ಬಾಗಿಲು ಹಾಕಿದಾಗ ಸುಮಾರು 3,000 ಮಂದಿ ಕೆಲಸ ಕಳೆದುಕೊಂಡರು. ಅದಕ್ಕೆ ಕಾರಣ ಮಾತೃಸಂಸ್ಥೆಯ ಹಣಕಾಸಿನ ಕುಸಿತ. ಅದನ್ನು ಕೃತಕ ಬುದ್ಧಿಮತ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅಷ್ಟು ಜನ ಪಳಗಿದ ಕೈಯವರು ಮತ್ತೆ ಕೆಲಸ ಹುಡುಕಿದ್ದು ಆ ಮೊದಲ ಮೆಟ್ಟಿಲು ಅಲುಗಾಡುತ್ತಿರುವ ಕಾಲದಲ್ಲಿ. ಮಕ್ಕಳನ್ನು ಆನಿಮೇಷನ್ ತರಗತಿಗೆ ಸೇರಿಸಲು ಹೊರಟಿರುವ ಅರಕಲಗೂಡು, ಹೊಳೆನರಸೀಪುರದ ಬಂಧುಗಳು ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಯವರನ್ನು ಒಂದು ಪ್ರಶ್ನೆ ಕೇಳಲಿ: ಇಲ್ಲಿ ಪೆನ್ಸಿಲ್ ಹಿಡಿಸಿ ಚಿತ್ರ ಬರೆಯುವುದನ್ನು ಎಷ್ಟು ತಿಂಗಳು ಕಲಿಸುತ್ತೀರಿ, ಯಂತ್ರಕ್ಕೆ ಆಜ್ಞೆ ಕೊಡುವುದನ್ನು ಎಷ್ಟು ತಿಂಗಳು?